ರಿಯಾಲ್, ದಿರ್ಹಮ್, ಡಾಲರ್, ರೂಪಾಯಿ: ಗಂಗಾವತಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಟು ಎಣಿಸಿ ನಿವೃತ್ತನಾದವನು. ಮನೆ ಗಂಗಾವತಿಯಲ್ಲಿ. ಸಂಜೆ ಕಟ್ಟೆ ಮೇಲೆ ಕೂತರೆ ಸಾಕು, ಯಾರಾದರೊಬ್ಬರು ಮೊಬೈಲ್ ಹಿಡಿದು ಬರುತ್ತಾರೆ. ಒಬ್ಬರ ಮಗ ಸೌದಿಯ ದಮ್ಮಾಮ್‌ನಲ್ಲಿ, ಇನ್ನೊಬ್ಬರ ಅಳಿಯ ಕುವೈತ್‌ನಲ್ಲಿ. ಆನೆಗೊಂದಿ, ಸಾಣಾಪುರದ ಹೋಮ್‌ಸ್ಟೇಯವರು ಯೂರೊ ನೋಟು ತಂದು ತೋರಿಸುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಹೇಳಿ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದುಬಿಟ್ಟೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಇವತ್ತಿನ ರೇಟು ಇಲ್ಲಿ ಸಿಗುವುದಿಲ್ಲ. ಅದು ನೀವು ಓದುವಷ್ಟರಲ್ಲಿ ಬದಲಾಗಿರುತ್ತದೆ. ಲೆಕ್ಕ ತೋರಿಸಲು ಒಂದು ಡಾಲರ್‌ಗೆ 90 ರೂಪಾಯಿ ಅಂತ ಹಿಡಿದುಕೊಂಡಿದ್ದೇನೆ, ಅಷ್ಟೇ. ಅದನ್ನು ಹಿಡಿದುಕೊಂಡು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲಬೇಡಿ.

ಮೊಬೈಲಿನಲ್ಲಿ ಒಂದು ರೇಟು ತೋರಿಸುತ್ತದೆ, ಕೌಂಟರಿನಲ್ಲಿ ಇನ್ನೊಂದು ಕೊಡುತ್ತಾರೆ. ಮೋಸ ಅಲ್ವಾ?

ಮೋಸ ಅಲ್ಲ. ಆದರೆ ಎರಡರ ನಡುವೆ ಎಷ್ಟು ಅಂತರ ಇದೆ ಅನ್ನುವುದನ್ನು ನೋಡಬೇಕು.

ಮೊಬೈಲಿನಲ್ಲಿ ಕಾಣುವುದು ದೊಡ್ಡ ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲೇ ಕೋಟಿಗಟ್ಟಲೆ ಕೊಡುವಾಗ, ತೆಗೆದುಕೊಳ್ಳುವಾಗ ನಡೆಯುವ ರೇಟಿನ ನಟ್ಟನಡುವಿನ ಅಂಕಿ. ಆ ರೇಟಿಗೆ ನಮ್ಮಂಥವರಿಗೆ ಯಾರೂ ಕೊಡುವುದಿಲ್ಲ. ಎಪಿಎಂಸಿಯಲ್ಲಿ ಭತ್ತದ ಟೆಂಡರ್ ರೇಟಿಗೂ ಅಂಗಡಿಯಲ್ಲಿ ಅಕ್ಕಿ ಕೊಳ್ಳುವ ರೇಟಿಗೂ ಇರುವ ಅಂತರ ಗಂಗಾವತಿಯವರಿಗೆ ನಾನು ಹೇಳಬೇಕೇ? ಇದೂ ಹಾಗೆಯೇ.

ನೋಟು ಬದಲಿಸುವವನು ಆ ನೋಟನ್ನು ಇನ್ನೊಬ್ಬರು ಕೊಳ್ಳುವವರೆಗೆ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು. ಅಸಲಿ ನಕಲಿ ನೋಡಬೇಕು, ದೊಡ್ಡ ಊರಿಗೆ ಸಾಗಿಸಬೇಕು. ಆ ಹೊತ್ತಿಗೆ ರೇಟು ಬಿದ್ದರೆ ನಷ್ಟ ಅವನದೇ. ಅದಕ್ಕೆಲ್ಲ ಸೇರಿಸಿ ಒಂದಿಷ್ಟು ಕಡಿಮೆ ಕೊಡುತ್ತಾನೆ. ಹಳಬರು ಇದನ್ನು ವಟ್ಟ ಅನ್ನುತ್ತಿದ್ದರು. ಒಳ್ಳೆಯ ಪದ, ಈಗ ಯಾರ ಬಾಯಲ್ಲೂ ಇಲ್ಲ.

ಅದೇ ಕಾರಣಕ್ಕೆ ಖಾತೆಯಿಂದ ಖಾತೆಗೆ ಬಂದ ಡಾಲರ್‌ಗೆ ನೋಟಿನ ಡಾಲರ್‌ಗಿಂತ ಒಳ್ಳೆಯ ರೇಟು ಸಿಗುತ್ತದೆ. ಖಾತೆಯ ಹಣಕ್ಕೆ ಪೆಟ್ಟಿಗೆಯೂ ಬೇಡ, ಸಾಗಣೆಯೂ ಬೇಡ.

ಬೋರ್ಡಿನಲ್ಲಿ 'ಬೈ', 'ಸೆಲ್' ಅಂತ ಎರಡು ಸಾಲು ಇರುತ್ತವೆ. ನನಗೆ ಯಾವುದು?

ಆ ಬೋರ್ಡು ಅಂಗಡಿಯವನ ಬಾಯಲ್ಲಿ ಮಾತಾಡುತ್ತದೆ, ನಿಮ್ಮ ಬಾಯಲ್ಲಿ ಅಲ್ಲ. ನೀವು ಡಾಲರ್ ಕೊಟ್ಟು ರೂಪಾಯಿ ತೆಗೆದುಕೊಳ್ಳುತ್ತೀರಿ ಅಂದರೆ ಅವನು ಡಾಲರ್ ಕೊಳ್ಳುತ್ತಿದ್ದಾನೆ. ಆಗ 'ಬೈ' ಸಾಲು ನೋಡಿ. ನಿಮಗೆ ಡಾಲರ್ ಬೇಕಿದ್ದರೆ ಅವನು ಮಾರುತ್ತಿದ್ದಾನೆ, 'ಸೆಲ್' ನೋಡಿ. ನೆನಪಿಡಲು ಸುಲಭ ದಾರಿ: ಎರಡರಲ್ಲಿ ನಿಮಗೆ ಯಾವುದು ಕಡಿಮೆ ಲಾಭವೋ ಅದೇ ನಿಮ್ಮ ಸಾಲು.

ಇನ್ನು 'ಕಮಿಷನ್ ಇಲ್ಲ' ಅನ್ನುವ ಬೋರ್ಡು. ಒಮ್ಮೆ ಮಗಳನ್ನು ನೋಡಲು ದುಬೈಗೆ ಹೋಗಿ ಬಂದಾಗ, ವಿಮಾನ ನಿಲ್ದಾಣದ ಒಂದು ಕೌಂಟರಿನಲ್ಲಿ ಆ ಬೋರ್ಡು ನೋಡಿ ನಾನೇ ಖುಷಿಯಾಗಿ ಉಳಿದ ದಿರ್ಹಮ್ ಎಲ್ಲ ಕೊಟ್ಟೆ. ಕಮಿಷನ್ ನಿಜವಾಗಿಯೂ ತೆಗೆದುಕೊಳ್ಳಲಿಲ್ಲ. ರೇಟಿನಲ್ಲೇ ತೆಗೆದಿದ್ದ. ಬಸ್ಸಿನಲ್ಲಿ ಕೂತು ಚೀಟಿ ಬಿಡಿಸಿದಾಗ ಗೊತ್ತಾಯಿತು. ಇಷ್ಟು ವರ್ಷ ಕೌಂಟರಿನ ಆಚೆ ಬದಿ ಕೂತವನಿಗೇ ಹೀಗಾದರೆ ಬೇರೆಯವರ ಪಾಡೇನು?

ಅಂದಿನಿಂದ ನಾನು ರೇಟೂ ಕೇಳುವುದಿಲ್ಲ, ಕಮಿಷನ್ನೂ ಕೇಳುವುದಿಲ್ಲ. ಒಂದೇ ಪ್ರಶ್ನೆ: 'ಎಲ್ಲಾ ಕಳೆದು ಕೈಗೆ ಎಷ್ಟ್ ಬರ್ತೈತ್ರೀ?' ಮೂರು ಕಡೆ ಕೇಳಿ. ಯಾರು ಜಾಸ್ತಿ ಹೇಳುತ್ತಾರೋ ಅವರಿಗೆ ಕೊಡಿ.

ಒಂದು ಉದಾಹರಣೆ ಹೇಳಿ. 500 ಡಾಲರ್ ನೋಟು ಇದೆ, ಕೈಗೆ ಎಷ್ಟು ಬರಬಹುದು?

ನಾವು ಹಿಡಿದುಕೊಂಡ 90ರ ಲೆಕ್ಕದಲ್ಲಿ ಮೊಬೈಲು 45,000 ರೂ. ತೋರಿಸುತ್ತದೆ. ಕೌಂಟರಿನವನ ನೋಟಿನ ರೇಟು 87.50 ಅಂತ ಇಟ್ಟುಕೊಳ್ಳಿ. 43,750 ಆಯಿತು. ಇದರ ಮೇಲೆ ಜಿಎಸ್‌ಟಿ ಇದೆ. ಗಾಬರಿಯಾಗಬೇಡಿ, ಪೂರ್ತಿ ಮೊತ್ತಕ್ಕೆ 18 ಪರ್ಸೆಂಟ್ ಅಲ್ಲ. ಒಂದು ಲಕ್ಷ ರೂಪಾಯಿವರೆಗಿನ ಬದಲಾವಣೆಗೆ ಮೊತ್ತದ ನೂರಕ್ಕೆ ಒಂದರಷ್ಟನ್ನು ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ 18 ಪರ್ಸೆಂಟ್ ಹಾಕುತ್ತಾರೆ. ಅಂದರೆ 437 ರೂಪಾಯಿ 50 ಪೈಸೆಯ ಮೇಲೆ 18 ಪರ್ಸೆಂಟ್, ಸುಮಾರು 79 ರೂ. ಕೈಗೆ ಬಂದಿದ್ದು 43,671.

ಮೊಬೈಲಿನ ಅಂಕಿಗೂ ಇದಕ್ಕೂ 1,300 ರೂಪಾಯಿಗಿಂತ ಜಾಸ್ತಿ ಅಂತರ. ಅದರಲ್ಲಿ ತೆರಿಗೆ ಪಾಲು ನೂರಕ್ಕಿಂತ ಕಡಿಮೆ. ಉಳಿದಿದ್ದೆಲ್ಲ ರೇಟಿನೊಳಗೆ ಹೋಗಿದ್ದು. ಜನ ಜಿಎಸ್‌ಟಿಯನ್ನು ಬೈದುಕೊಂಡು ಹೋಗುತ್ತಾರೆ, ರೇಟನ್ನು ಕೇಳುವುದೇ ಇಲ್ಲ.

ತೀರಾ ಸಣ್ಣ ಮೊತ್ತ ಬದಲಿಸುವವರಿಗೆ ಇನ್ನೊಂದು ಮಾತು. ಸೇವೆಯ ಬೆಲೆ ಕನಿಷ್ಠ 250 ರೂ. ಅಂತ ನಿಯಮ ಇದೆ. ಹಾಗಾಗಿ ತೆರಿಗೆ 45 ರೂ.ಗಿಂತ ಕೆಳಗೆ ಇಳಿಯುವುದಿಲ್ಲ. ಹತ್ತು ಡಾಲರ್ ಬದಲಿಸಲು ಹೋಗಿ 45 ರೂಪಾಯಿ ತೆರಿಗೆ ಕಟ್ಟುವುದಕ್ಕಿಂತ ಅದನ್ನು ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳುವುದು ವಾಸಿ.

ಕುವೈತ್ ದಿನಾರ್‌ಗೆ ಅಷ್ಟೊಂದು ಬೆಲೆ ಯಾಕೆ? ಅಮೆರಿಕಕ್ಕಿಂತ ಕುವೈತ್ ದೊಡ್ಡದಾ?

ಈ ಪ್ರಶ್ನೆ ನನಗೆ ಬಹಳ ಇಷ್ಟ.

ಒಂದು ಹಣದ ಒಂದು ಘಟಕಕ್ಕೆ ಎಷ್ಟು ರೂಪಾಯಿ ಅನ್ನುವುದರಿಂದ ಆ ದೇಶದ ಶಕ್ತಿ ಅಳೆಯಲು ಬರುವುದಿಲ್ಲ. ಘಟಕವನ್ನು ಎಷ್ಟು ದೊಡ್ಡದಾಗಿ ಕತ್ತರಿಸಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ಕೆಲವರು ರೊಟ್ಟಿಯನ್ನು ಎರಡು ತುಂಡು ಮಾಡುತ್ತಾರೆ, ಕೆಲವರು ಎಂಟು. ತುಂಡು ದೊಡ್ಡದಾದರೆ ರೊಟ್ಟಿ ದೊಡ್ಡದು ಅಂತೇನಿಲ್ಲ. ಜಪಾನಿನ ಒಂದು ಯೆನ್‌ಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಂತ ಜಪಾನ್ ಬಡ ದೇಶವೇ? ಯೆನ್‌ನ ರೇಟನ್ನು ನೂರು ಯೆನ್‌ಗೆ ಇಷ್ಟು ಅಂತ ಬರೆಯುತ್ತಾರೆ, ಅದನ್ನು ಗಮನಿಸದೆ ಲೆಕ್ಕ ಹಾಕಿದರೆ ನೂರು ಪಟ್ಟು ತಪ್ಪುತ್ತದೆ.

ಕೊಲ್ಲಿಯ ಹೆಚ್ಚಿನ ದೇಶಗಳು ತಮ್ಮ ಹಣವನ್ನು ಡಾಲರ್‌ಗೆ ಗಂಟು ಹಾಕಿಬಿಟ್ಟಿವೆ. ಒಂದು ಡಾಲರ್‌ಗೆ 3.75 ಸೌದಿ ರಿಯಾಲ್, 1986ರಿಂದ ಹೀಗೇ ಇದೆ. ಯುಎಇ ದಿರ್ಹಮ್ 3.6725, ಇದು 1997ರಿಂದ. ಕತಾರ್ ರಿಯಾಲ್ 3.64. ಒಮಾನ್‌ನದು ಉಲ್ಟಾ, ಅಲ್ಲಿನ ಒಂದು ರಿಯಾಲ್‌ಗೆ 2.60 ಡಾಲರ್. ಕುವೈತ್ ಮಾತ್ರ 2007ರಿಂದ ಒಂದೇ ಡಾಲರ್‌ಗೆ ಅಂಟಿಕೊಳ್ಳದೆ ಹಲವು ದೇಶಗಳ ಹಣದ ಗುಂಪಿಗೆ ಗಂಟು ಹಾಕಿಕೊಂಡಿದೆ.

ಇದರಿಂದ ನಮಗೊಂದು ಅನುಕೂಲ. ಡಾಲರ್ ರೇಟು ಗೊತ್ತಿದ್ದರೆ ರಿಯಾಲ್ ರೇಟನ್ನು ನೀವೇ ಲೆಕ್ಕ ಹಾಕಬಹುದು. 90ನ್ನು 3.75ರಿಂದ ಭಾಗಿಸಿ, 24 ರೂಪಾಯಿ ಬಂತು. ದಿರ್ಹಮ್‌ಗೆ 90ನ್ನು 3.6725ರಿಂದ ಭಾಗಿಸಿ, 24 ರೂಪಾಯಿ 50 ಪೈಸೆ. ಒಮಾನ್‌ಗೆ ಭಾಗಾಕಾರ ಅಲ್ಲ, ಗುಣಾಕಾರ: 234 ರೂಪಾಯಿ. 'ರಿಯಾಲ್ ಏರಿದೆ' ಅಂತ ಯಾರಾದರೂ ಅಂದರೆ ನಿಜವಾಗಿ ಏರಿದ್ದು ಡಾಲರ್. ಇನ್ನೂ ಸರಿಯಾಗಿ ಹೇಳಬೇಕು ಅಂದರೆ ಇಳಿದಿದ್ದು ರೂಪಾಯಿ.

ಒಂದು ಕಾಲಕ್ಕೆ ಕುವೈತ್, ದುಬೈ, ಕತಾರ್‌ನಲ್ಲೆಲ್ಲ ನಮ್ಮ ರೂಪಾಯಿಯೇ ನಡೆಯುತ್ತಿತ್ತು ಅಂದರೆ ಹುಡುಗರು ನಂಬುವುದಿಲ್ಲ. 1959ರಲ್ಲಿ ರಿಸರ್ವ್ ಬ್ಯಾಂಕು ಆ ಕಡೆಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿತ್ತು. ಕುವೈತ್ 1961ರಲ್ಲಿ ತನ್ನ ದಿನಾರ್ ತಂದಿತು. 1966ರ ಜೂನ್‌ನಲ್ಲಿ ದಿಲ್ಲಿ ಸರ್ಕಾರ ಡಾಲರ್‌ನ ಬೆಲೆಯನ್ನು 4.76 ರೂ.ಯಿಂದ 7.50 ರೂ.ಗೆ ಏರಿಸಿ ರೂಪಾಯಿ ಬೆಲೆ ಇಳಿಸಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು.

ಮಗ ಹೊರಗಡೆಯಿಂದ ಹಣ ಕಳಿಸುತ್ತಾನೆ. ಯಾವ ದಾರಿ ಒಳ್ಳೆಯದು?

ಎರಡು ದಾರಿ. ಒಂದು, ಅಲ್ಲಿನ ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಅಂಗಡಿಯಿಂದ ನೇರ ಇಲ್ಲಿನ ಖಾತೆಗೆ. ಇನ್ನೊಂದು, ನಂಬರು ಮತ್ತು ಗುರುತಿನ ಚೀಟಿ ತೋರಿಸಿ ನಗದು ಪಡೆಯುವುದು, ವೆಸ್ಟರ್ನ್ ಯೂನಿಯನ್ ಥರದ್ದು. ಎರಡನೆಯದರಲ್ಲಿ ಒಂದು ಸಲಕ್ಕೆ 2,500 ಡಾಲರ್ ಮಿತಿ, ಒಬ್ಬರಿಗೆ ವರ್ಷಕ್ಕೆ 30 ಸಲ. 50,000 ರೂ.ವರೆಗೆ ಮಾತ್ರ ನಗದು, ಅದಕ್ಕಿಂತ ಜಾಸ್ತಿ ಆದರೆ ಖಾತೆಗೇ ಹಾಕುತ್ತಾರೆ. ರಾತ್ರೋರಾತ್ರಿ ಆಸ್ಪತ್ರೆ ಖರ್ಚು ಬಂತು ಅಂದಾಗ ಅದು ಸರಿ. ತಿಂಗಳು ತಿಂಗಳು ಬರುವ ಹಣಕ್ಕೆ ಖಾತೆಯೇ ವಾಸಿ.

ಕಳಿಸುವವರಿಗೆ ಹೇಳಿ: ಪ್ರತಿ ಸಲ ಕಳಿಸುವ ಚಾರ್ಜು ಬೇರೆ, ರೇಟು ಬೇರೆ. ಚಾರ್ಜು ಹೆಚ್ಚುಕಮ್ಮಿ ಒಂದೇ ಇರುವುದರಿಂದ ಐದು ಸಲ ಸ್ವಲ್ಪ ಸ್ವಲ್ಪ ಕಳಿಸುವುದಕ್ಕಿಂತ ಒಂದೇ ಸಲ ಕಳಿಸಿದರೆ ಉಳಿತಾಯ. ಬ್ಯಾಂಕಿನಿಂದ ಬ್ಯಾಂಕಿಗೆ ಬರುವಾಗ ನಡುವೆ ಮತ್ತೊಂದು ಬ್ಯಾಂಕು ಇದ್ದರೆ ಅದೂ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಕಳಿಸಿದ್ದು ಸಾವಿರ ಡಾಲರ್, ಬಂದಿದ್ದು 980 ಅಂದರೆ ದಾರಿಯಲ್ಲಿ ಯಾರೂ ಕದ್ದಿಲ್ಲ. ಇಲ್ಲಿಯೂ ಅದೇ ಪ್ರಶ್ನೆ: ಗಂಗಾವತಿಯ ಖಾತೆಗೆ ಎಷ್ಟು ರೂಪಾಯಿ ಜಮಾ ಆಗುತ್ತದೆ?

ಹಣ ಕಳಿಸಿ ಹತ್ತು ದಿನ ಆಯಿತು, ಖಾತೆಗೆ ಬಂದಿಲ್ಲ.

ಹತ್ತರಲ್ಲಿ ಎಂಟು ಸಲ ಕಾರಣ ಹೆಸರು. ನಮ್ಮ ಕಡೆ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಮಗನ ಫೋನಿನಲ್ಲಿ 'ಅವ್ವ'. ಮನೆತನದ ಹೆಸರು ಮುಂದೋ ಹಿಂದೋ, ತಂದೆ ಹೆಸರು ಸೇರಿಸಿದ್ದಾರೋ ಇಲ್ಲವೋ, ಇಷ್ಟಕ್ಕೇ ಹಣ ನಿಂತುಬಿಡುತ್ತದೆ. ನನ್ನ ತಂಗಿಯ ಮಗ ದಮ್ಮಾಮ್‌ನಿಂದ ಮೊದಲ ಸಂಬಳ ಕಳಿಸಿದಾಗ ಹೀಗೇ ಆಯಿತು. ಒಂದು ಅಕ್ಷರ ಹೆಚ್ಚಿತ್ತು. ಹಣ ವಾಪಸ್ ಹೋಗಿ, ಮತ್ತೆ ಬಂದು, ಎರಡು ಸಲ ಚಾರ್ಜು ಹಿಡಿದಿದ್ದರು. ತಂಗಿ ಇಂದಿಗೂ ಅದನ್ನು ನನ್ನ ತಲೆಗೇ ಕಟ್ಟುತ್ತಾಳೆ.

ಎರಡನೇ ಕಾರಣ, ಖಾತೆ ಮಲಗಿರುವುದು. ಎರಡು ವರ್ಷ ನೀವಾಗಿ ಹಣ ಹಾಕದೆ, ತೆಗೆಯದೆ ಬಿಟ್ಟರೆ ಖಾತೆ ನಿಷ್ಕ್ರಿಯ ಆಗುತ್ತದೆ. ಮೊದಲು ಅದನ್ನು ಎಬ್ಬಿಸಿ. ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ತೆಗೆದು ಕಳಿಸಿ, ಅದರಲ್ಲಿ ಇದ್ದ ಹಾಗೇ ಹೆಸರು ಬರೆಯಲಿ. ಬ್ರಾಂಚಿನ ಗುರುತಾದ ಐಎಫ್‌ಎಸ್‌ಸಿ ನಂಬರು ಬೇಕು, ವಿದೇಶಿ ಬ್ಯಾಂಕಿನಿಂದ ಬರುವುದಾದರೆ ಹೊರದೇಶದ ಬ್ಯಾಂಕುಗಳು ಗುರುತು ಹಿಡಿಯುವ ಸ್ವಿಫ್ಟ್ ಕೋಡ್ ಕೂಡ. ನಿಮ್ಮ ಬ್ರಾಂಚಿಗೆ ಸ್ವಂತ ಸ್ವಿಫ್ಟ್ ಕೋಡ್ ಇಲ್ಲದಿರಬಹುದು, ದೊಡ್ಡ ಬ್ರಾಂಚಿನದನ್ನು ಕೊಡುತ್ತಾರೆ.

ಹೊರಗೆ ದುಡಿಯುವವನು ತನ್ನ ಹಳೆಯ ಉಳಿತಾಯ ಖಾತೆಯಲ್ಲೇ ಹಣ ಇಡಬಹುದಾ?

ಇಲ್ಲ. ಕೆಲಸಕ್ಕೆ ಹೋಗಿ ಅಲ್ಲೇ ನೆಲೆ ನಿಂತ ಮೇಲೆ ಹಳೆಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರಗೆ ನೆಲೆಸಿದವರ ಇಲ್ಲಿನ ಆದಾಯದ ಖಾತೆ, ಮಾಡಿಸಬೇಕು. ಅಲ್ಲಿನ ದುಡಿಮೆ ಇಡಲು ಎನ್‌ಆರ್‌ಇ ಖಾತೆ ತೆಗೆಯಲಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕೆಂದಾಗ ವಾಪಸ್ ಒಯ್ಯಬಹುದು. ಎನ್‌ಆರ್‌ಒದಲ್ಲಿ ಹೊಲದ ಗುತ್ತಿಗೆ, ಮನೆ ಬಾಡಿಗೆ ಅಂಥದ್ದು. ಅವ್ವನ ಖಾತೆಗೆ ಮನೆ ಖರ್ಚಿಗೆ ಕಳಿಸುವುದಕ್ಕೆ ಇದು ಯಾವುದೂ ಅಡ್ಡ ಬರುವುದಿಲ್ಲ.

ಪರಿಚಯದವನೊಬ್ಬ ಒಳ್ಳೆ ರೇಟಿಗೆ ಮನೆಗೇ ತಂದುಕೊಡುತ್ತಾನಂತೆ. ಅಲ್ಲಿ ರಿಯಾಲ್ ಕೊಟ್ಟರೆ ಇಲ್ಲಿ ರೂಪಾಯಿ.

ಅದು ಹವಾಲಾ. ವಿದೇಶಿ ಹಣದ ವ್ಯವಹಾರಕ್ಕಿರುವ 1999ರ ಫೆಮಾ ಕಾಯಿದೆಯಲ್ಲಿ ತಪ್ಪು. ಅವನು ತಂದುಕೊಡುವ ನೋಟು ಯಾರ ನೋಟು ಅನ್ನುವುದು ನಿಮಗೆ ಗೊತ್ತಿಲ್ಲ. ಅವನು ಕೊಡದಿದ್ದರೆ ಪೊಲೀಸ್ ಠಾಣೆಗೆ ಹೋಗಿ ಏನಂತ ಹೇಳುತ್ತೀರಿ? ನಾಳೆ ಪ್ಲಾಟು ಕೊಳ್ಳುವಾಗ ಈ ಹಣ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ತೋರಿಸಲು ಕಾಗದ ಇರುವುದಿಲ್ಲ. ರಿಯಾಲ್‌ಗೆ ಐವತ್ತು ಪೈಸೆ ಜಾಸ್ತಿ ಸಿಕ್ಕಿತು ಅಂತ ಇಷ್ಟೆಲ್ಲ ತಲೆನೋವು ಬೇಕಾ?

ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ರಿಯಾಲ್ ಕಟ್ಟು ಅರ್ಧ ಬೆಲೆಗೆ ಕೊಡುತ್ತೇನೆ ಅಂದ.

ಓಡಿ.

ಈ ಆಟ ಬಹಳ ಹಳೆಯದು. ಮೊದಲು ಒಂದು ಅಸಲಿ ನೋಟು ಕೊಡುತ್ತಾರೆ. 'ನಮಗೆ ಓದು ಬರಲ್ಲಣ್ಣ, ಇದು ಏನು ಅಂತ ನೋಡಿ ಕೊಡು' ಅನ್ನುತ್ತಾರೆ. ನೀವು ಬದಲಿಸಿ ನೋಡುತ್ತೀರಿ, ಹಣ ಸಿಗುತ್ತದೆ. ಆಸೆ ಅಲ್ಲೇ ಹುಟ್ಟುತ್ತದೆ. ಆಮೇಲೆ ಕರವಸ್ತ್ರದಲ್ಲಿ ಸುತ್ತಿದ ಕಟ್ಟು ಬರುತ್ತದೆ, ಅವಸರ ಮಾಡುತ್ತಾರೆ, 'ಇಲ್ಲಿ ಬಿಚ್ಚಬೇಡ, ಯಾರಾದರೂ ನೋಡ್ತಾರೆ' ಅನ್ನುತ್ತಾರೆ. ಮನೆಗೆ ಬಂದು ಬಿಚ್ಚಿದರೆ ಮೇಲೊಂದು ಕೆಳಗೊಂದು ನೋಟು, ನಡುವೆ ಪೇಪರು. ಕೆಲವು ಸಲ ಸಾಬೂನು ಕೂಡ.

ಇದರ ಹೊಸ ರೂಪ ಫೋನಿನಲ್ಲಿ ಬರುತ್ತದೆ. ಲಂಡನ್ನಿನ ಗೆಳೆಯ ಪೌಂಡ್ ತುಂಬಿದ ಪಾರ್ಸಲ್ ಕಳಿಸಿದ್ದಾನೆ, ಕಸ್ಟಮ್ಸ್‌ಗೆ 30,000 ಕಟ್ಟಿ ಬಿಡಿಸಿಕೊಳ್ಳಿ ಅಂತ. ಕಸ್ಟಮ್ಸ್‌ನವರು ಯಾರ ಸ್ವಂತ ಖಾತೆಗೂ ಹಣ ಹಾಕಿ ಅನ್ನುವುದಿಲ್ಲ. ಇನ್ನೊಂದು, ಸೊನ್ನೆಗಳ ಆಸೆ. ಜಿಂಬಾಬ್ವೆ 2009ರಲ್ಲಿ ನೂರು ಟ್ರಿಲಿಯನ್ ಡಾಲರಿನ ನೋಟು ತಂದಿತ್ತು, ಒಂದರ ಮುಂದೆ 14 ಸೊನ್ನೆ. ಆ ಹಣವೇ ಈಗ ಚಲಾವಣೆಯಲ್ಲಿಲ್ಲ. ಟರ್ಕಿ 2005ರಲ್ಲಿ ತನ್ನ ಲೀರಾದಿಂದ ಆರು ಸೊನ್ನೆ ಕಿತ್ತುಹಾಕಿತು. ಅಂಥ ಹಳೆ ನೋಟು ತೋರಿಸಿ 'ಲಕ್ಷದ ನೋಟು' ಅಂತ ಮಾರುವವರಿದ್ದಾರೆ.

ಹೋಮ್‌ಸ್ಟೇಗೆ ಬಂದ ವಿದೇಶಿಯರು ಡಾಲರ್, ಯೂರೊ ಕೊಡುತ್ತಾರೆ. ತೆಗೆದುಕೊಳ್ಳಬಹುದಾ?

ಭಾರತಕ್ಕೆ ಬಂದ ವಿದೇಶಿಯರು ಉಡುಗೊರೆಯಾಗಿಯೋ, ನೀವು ಮಾಡಿದ ಸೇವೆಗೋ ಕೊಟ್ಟ ನೋಟನ್ನು 2,000 ಡಾಲರ್‌ಗೆ ಸಮನಾಗುವಷ್ಟು ಇಟ್ಟುಕೊಳ್ಳಲು ಅವಕಾಶ ಇದೆ. ಅದಕ್ಕಿಂತ ಜಾಸ್ತಿ ಆದರೆ ಬದಲಿಸಿಬಿಡಬೇಕು. ಬದಲಿಸಲು ಹೋದಾಗ 1,000 ಡಾಲರ್ ಬೆಲೆಯವರೆಗೆ ಮಾತ್ರ ನಿಮ್ಮ ಕೈಗೆ ನಗದು ಕೊಡುತ್ತಾರೆ, ಮೇಲಿನದ್ದು ಖಾತೆಗೆ.

ಮಾಡಬಾರದ್ದು ಇದು: ಅತಿಥಿಗಳಿಂದ ಡಾಲರ್ ಕೊಂಡು ರೂಪಾಯಿ ಕೊಡುವ ವ್ಯಾಪಾರ. ಅದಕ್ಕೆ ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಬೇಕು. ಹಂಪಿ ಎದುರಿನ ವಿರುಪಾಪುರ ಗಡ್ಡೆಯಲ್ಲಿ ರೆಸಾರ್ಟುಗಳಿದ್ದ ಕಾಲದಲ್ಲಿ, ಅಂದರೆ 2020ರಲ್ಲಿ ಅವನ್ನು ಕೆಡವುವ ಮೊದಲು, ಹೀಬ್ರೂ ಅಕ್ಷರದ ಬೋರ್ಡುಗಳೂ ಕಾಣುತ್ತಿದ್ದವು. ಅಷ್ಟು ಇಸ್ರೇಲಿ ಹುಡುಗರು ಬರುತ್ತಿದ್ದರು. ಅವರ ಶೆಕೆಲ್ ನೋಟು ಇಟ್ಟುಕೊಂಡು ಬದಲಿಸಲು ಊರೂರು ಅಲೆದವರನ್ನು ನಾನು ಬಲ್ಲೆ. ಡಾಲರ್, ಯೂರೊ, ಪೌಂಡ್ ಬಿಟ್ಟು ಬೇರೆ ನೋಟು ನಮ್ಮ ಕಡೆ ಸುಲಭಕ್ಕೆ ಹೋಗುವುದಿಲ್ಲ.

ಅತಿಥಿಗೆ ಒಂದು ಉಪಕಾರ ಮಾಡಿ. ಬದಲಿಸಿದ ಕಡೆ ಕೊಡುವ ಚೀಟಿಯನ್ನು ಎಸೆಯಬೇಡ ಅಂತ ಹೇಳಿ. ವಾಪಸ್ ಹೋಗುವಾಗ ಉಳಿದ ರೂಪಾಯಿಯನ್ನು ಅವನ ಹಣಕ್ಕೆ ಬದಲಿಸಲು ಅದೇ ಆಧಾರ.

ನಮ್ಮ ಜಿಲ್ಲೆಯಲ್ಲಿ ಎಲ್ಲಿ ಬದಲಿಸುತ್ತಾರೆ?

ಎಲ್ಲ ಬ್ಯಾಂಕಿನ ಎಲ್ಲ ಬ್ರಾಂಚಿನಲ್ಲೂ ಆಗುವುದಿಲ್ಲ. ಸುಮ್ನೆ ಹೋಗಿ ಸಾಲಿನಲ್ಲಿ ನಿಲ್ಲಬೇಡಿ, ಮೊದಲು ಫೋನ್ ಮಾಡಿ. ನಿಮ್ಮ ಖಾತೆ ಇರುವ ಬ್ಯಾಂಕಿನ ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ದೊಡ್ಡ ಬ್ರಾಂಚು ಕೇಳಿ. ಲೈಸೆನ್ಸ್ ಇರುವ ಖಾಸಗಿಯವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿದೆ. ಬೆಂಗಳೂರಿಗೋ ಹೈದರಾಬಾದಿಗೋ ಹೇಗೂ ಹೋಗುವವರಿದ್ದರೆ ಊರೊಳಗೆ ಬದಲಿಸಿ, ವಿಮಾನ ನಿಲ್ದಾಣದ ಒಳಗೆ ಅಲ್ಲ. ಅಲ್ಲಿ ಬಾಡಿಗೆ ಜಾಸ್ತಿ, ಅದನ್ನು ಕಟ್ಟುವವರು ನೀವೇ.

ನೋಟು ಮಡಚಬೇಡಿ, ಅದರ ಮೇಲೆ ಪೆನ್ನಿನಿಂದ ಬರೆಯಬೇಡಿ. ನಾವು ನಮ್ಮ ನೋಟಿನ ಮೇಲೆ ಲೆಕ್ಕ ಬರೆದು ರೂಢಿ ಮಾಡಿಕೊಂಡವರು. ಡಾಲರ್ ಮೇಲೆ ಗೀಟು ಕಂಡರೂ ಬೇಡ ಅನ್ನುತ್ತಾರೆ. ಬ್ರಿಟನ್ನಿನ ಹಳೆಯ ಕಾಗದದ 20, 50 ಪೌಂಡ್ ನೋಟು 2022ರ ಸೆಪ್ಟೆಂಬರ್ ಕೊನೆಗೆ ಚಲಾವಣೆಯಿಂದ ಹೋಗಿವೆ, ಅವನ್ನು ಇಲ್ಲಿ ಯಾರೂ ಮುಟ್ಟುವುದಿಲ್ಲ. ನಾಣ್ಯ ಅಂತೂ ಎಲ್ಲೂ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೆ ಕೊಡಿ.

ಉಮ್ರಾಕ್ಕೆ, ಪ್ರವಾಸಕ್ಕೆ ಹೋಗುವಾಗ ಎಷ್ಟು ಒಯ್ಯಬಹುದು?

ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯವರೆಗೆ ನೋಟು. ಇನ್ನೂ ಬೇಕಿದ್ದರೆ ಫಾರೆಕ್ಸ್ ಕಾರ್ಡಿಗೆ, ಅಂದರೆ ವಿದೇಶಿ ಹಣ ಮೊದಲೇ ಹಾಕಿಡುವ ಕಾರ್ಡಿಗೆ, ತುಂಬಿಸಿಕೊಳ್ಳಿ. ಹಜ್ ಯಾತ್ರೆಗೆ ನಿಯಮ ಬೇರೆ ಇದೆ, ಹಜ್ ಸಮಿತಿಯವರು ತಿಳಿಸುತ್ತಾರೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ಕಾರ್ಡ್ ಇಟ್ಟುಕೊಂಡು ಹೋಗಿ. 50,000 ರೂ.ವರೆಗೆ ನಗದು ಕೊಟ್ಟು ಕೊಳ್ಳಬಹುದು, ಮೇಲಾದರೆ ಖಾತೆಯಿಂದ. ನಮ್ಮ ರೂಪಾಯಿ ನೋಟು 25,000ದವರೆಗೆ ಜೊತೆಯಲ್ಲಿ ಒಯ್ಯಬಹುದು, ವಾಪಸ್ ಬಂದು ಬಸ್ಸು ಹತ್ತಲು ಬೇಕಲ್ಲ.

ಬಂದ ಮೇಲೆ ಉಳಿದ ಹಣವನ್ನು 180 ದಿನದೊಳಗೆ ಬದಲಿಸಬೇಕು. 2,000 ಡಾಲರ್ ಬೆಲೆಯಷ್ಟು ಮನೆಯಲ್ಲಿ ಇಟ್ಟುಕೊಂಡರೆ ಅಡ್ಡಿ ಇಲ್ಲ. ಬರುವಾಗ 5,000 ಡಾಲರ್‌ಗಿಂತ ಹೆಚ್ಚು ನೋಟು ಇದ್ದರೆ ವಿಮಾನ ನಿಲ್ದಾಣದಲ್ಲೇ ಕಸ್ಟಮ್ಸ್ ಫಾರ್ಮ್ ತುಂಬಿ.

ನಮ್ಮ ಎಟಿಎಂ ಕಾರ್ಡು ಅಲ್ಲಿ ನಡೆಯುತ್ತದಲ್ಲ, ಬದಲಿಸುವ ಗೋಜು ಯಾಕೆ?

ನಡೆಯುತ್ತದೆ. ಆದರೆ ಬಹಳಷ್ಟು ಕಾರ್ಡಿನಲ್ಲಿ ರೇಟಿನ ಮೇಲೆ ಎರಡರಿಂದ ಮೂರೂವರೆ ಪರ್ಸೆಂಟ್ ಸೇರಿಸುತ್ತಾರೆ, ಅದರ ಮೇಲೆ ಜಿಎಸ್‌ಟಿ. ಹೋಗುವ ಮೊದಲು ಬ್ಯಾಂಕಿನಲ್ಲಿ ಕೇಳಿ, ವಿದೇಶಿ ಬಳಕೆಯ ಸ್ವಿಚ್ಚನ್ನೂ ಹಾಕಿಸಿ.

ಅಂಗಡಿಯ ಮೆಷಿನ್ನು ಒಂದು ಪ್ರಶ್ನೆ ಕೇಳುತ್ತದೆ, 'ರೂಪಾಯಿಯಲ್ಲಿ ಕಟ್ಟುತ್ತೀರಾ, ದಿರ್ಹಮ್‌ನಲ್ಲಾ?' ರೂಪಾಯಿ ಕಂಡ ತಕ್ಷಣ ನಮ್ಮೂರ ನೆಂಟರು ಸಿಕ್ಕ ಹಾಗೆ ಖುಷಿಯಾಗಿ ಒತ್ತಿಬಿಡುತ್ತೇವೆ. ಒತ್ತಬೇಡಿ. ಆಗ ರೇಟು ಹಾಕುವವರು ಅವರು, ಅವರಿಗೆ ಬೇಕಾದಷ್ಟು ಹಾಕುತ್ತಾರೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಒತ್ತಿ. ಯುಎಇ, ಸಿಂಗಾಪುರ, ನೇಪಾಳ, ಭೂತಾನ್‌ನ ಕೆಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ.

ಪಶುಪತಿನಾಥನಿಗೆ ಹೋಗುತ್ತಿದ್ದೇವೆ. ನೇಪಾಳದ ಹಣ ಇಲ್ಲೇ ಕೊಳ್ಳಬೇಕಾ?

ಬೇಡ. 1993ರಿಂದ ನಮ್ಮ 100 ರೂಪಾಯಿಗೆ ಅವರ 160, ಏರಿಳಿತ ಇಲ್ಲ. 100ರ ನೋಟು ಜಾಸ್ತಿ ಇಟ್ಟುಕೊಂಡರೆ ತಕರಾರು ಕಡಿಮೆ. ಅಂಗಡಿಯವನು ಹೇಳುವ ಬೆಲೆ 'ಐಸಿ'ಯೋ 'ಎನ್‌ಸಿ'ಯೋ ಅಂತ ಕೇಳಿಕೊಳ್ಳಿ. ಐಸಿ ಅಂದರೆ ನಮ್ಮದು, ಎನ್‌ಸಿ ಅವರದು. ಭೂತಾನ್‌ನ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ.

ಮಗಳು ಓದಲು ಹೋಗುತ್ತಾಳೆ. ಫೀಸು ಕಳಿಸಲು ಮಿತಿ ಇದೆಯಾ?

ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ಹೊರಗೆ ಕಳಿಸಿದ್ದು ವರ್ಷಕ್ಕೆ 10 ಲಕ್ಷ ರೂ. ದಾಟಿದರೆ ಟಿಸಿಎಸ್ ಅಂತ ಬ್ಯಾಂಕಿನವರೇ ಮುಂಚಿತವಾಗಿ ತೆರಿಗೆ ಹಿಡಿಯುತ್ತಾರೆ, ಉದ್ದೇಶ ನೋಡಿ ದರ ಬೇರೆ ಬೇರೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಫೀಸಿಗೆ ಟಿಸಿಎಸ್ ಇಲ್ಲ. ಹಿಡಿದ ಹಣ ಹೋಗಿಯೇಬಿಟ್ಟಿತು ಅಂತಲ್ಲ, ಆದಾಯ ತೆರಿಗೆ ರಿಟರ್ನಿನಲ್ಲಿ ಲೆಕ್ಕಕ್ಕೆ ಬರುತ್ತದೆ.

ಯಾವಾಗ ಬದಲಿಸಿದರೆ ಲಾಭ?

ಇದು ಗೊತ್ತಿದ್ದರೆ ನಾನು ಈ ಕಟ್ಟೆ ಮೇಲೆ ಕೂತಿರುತ್ತಿರಲಿಲ್ಲ. 1993ರಿಂದ ನಮ್ಮ ರೂಪಾಯಿ ರೇಟನ್ನು ಮಾರುಕಟ್ಟೆಯೇ ಕಟ್ಟುತ್ತದೆ. ಏರುತ್ತದೆ ಅಂತ ಕಾದು ಮದುವೆ ಖರ್ಚಿಗೆ ನೂರಕ್ಕೆ ಮೂರರ ಬಡ್ಡಿಗೆ ಸಾಲ ತಂದವರನ್ನು ನೋಡಿದ್ದೇನೆ. ಬೇಕಾದ ದಿನ ಬದಲಿಸಿ. ದೊಡ್ಡ ಮೊತ್ತವಾದರೆ ಎರಡು ಮೂರು ಕಂತಿನಲ್ಲಿ.

ಅಜ್ಜಿಯ ಪೆಟ್ಟಿಗೆಯಲ್ಲಿ ಚಾರ್‌ಮಿನಾರ್ ಚಿತ್ರದ ನಾಣ್ಯ ಸಿಕ್ಕಿದೆ. ಬದಲಿಸಿಕೊಡುತ್ತಾರಾ?

ಅದು ನಿಜಾಮರ ಹಾಲಿ ಸಿಕ್ಕಾ. ಈಗ ಬ್ಯಾಂಕಿನಲ್ಲಿ ನಡೆಯುವುದಿಲ್ಲ, 1959ರಲ್ಲೇ ಅದರ ಚಲಾವಣೆ ಮುಗಿಯಿತು. ಆದರೆ ಕೇಳಿದಿರಲ್ಲ, ಹೇಳುತ್ತೇನೆ.

ಗಂಗಾವತಿ, ಕೊಪ್ಪಳ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹೊಳೆ ದಾಟಿದರೆ ಕಂಪ್ಲಿ, ಹೊಸಪೇಟೆ, ಬಳ್ಳಾರಿ, ಅದು ಬ್ರಿಟಿಷರ ಮದ್ರಾಸ್ ಪ್ರಾಂತ. ಈ ದಡದಲ್ಲಿ ಹಾಲಿ, ಆ ದಡದಲ್ಲಿ ಕಲದಾರ, ಅಂದರೆ ಬ್ರಿಟಿಷರ ರೂಪಾಯಿ. ಆರು ಕಲದಾರಕ್ಕೆ ಏಳು ಹಾಲಿ. ವಿದೇಶಿ ವಿನಿಮಯ ಅಂದರೆ ನಮ್ಮ ಹಿರಿಯರಿಗೆ ವಿಮಾನ ಹತ್ತುವ ಮಾತಲ್ಲ, ಹರಿಗೋಲು ಹತ್ತುವ ಮಾತು. ದಡದಲ್ಲಿ ಕರೋಡಗಿರಿ ನಾಕಾ ಬೇರೆ, ಸುಂಕ ಕಟ್ಟದೆ ಒಂದು ಗಂಟು ಆಚೆ ಹೋಗುವಂತಿರಲಿಲ್ಲ.

ನಮ್ಮ ಅಜ್ಜಿ ಕಂಪ್ಲಿಯಲ್ಲಿ ಹುಟ್ಟಿ ಈ ದಡಕ್ಕೆ ಸೊಸೆಯಾಗಿ ಬಂದವಳು. ತವರಿನ ಸಂತೆಗೆ ಹೋದಾಗಲೆಲ್ಲ ಏಳು ಕೊಟ್ಟು ಆರು ತೆಗೆದುಕೊಳ್ಳಬೇಕು. 'ಒಂದು ರೂಪಾಯಿ ಹೊಳ್ಯಾಗ ಬಿತ್ತು' ಅನ್ನುತ್ತಿದ್ದಳಂತೆ. ಬಿದ್ದಿರಲಿಲ್ಲ, ತುಂಡು ಸಣ್ಣದಿತ್ತು ಅಷ್ಟೇ, ಕುವೈತ್ ದಿನಾರ್ ಲೆಕ್ಕವೇ. ಅದನ್ನು ಅವಳಿಗೆ ತಿಳಿಸಿ ಹೇಳುವ ಧೈರ್ಯ ಅಜ್ಜನಿಗೂ ಇರಲಿಲ್ಲ. ಅವಳ ಎಲೆಯಡಿಕೆ ಸಂಚಿಯಲ್ಲಿ ಎರಡು ಅರೆ, ಒಂದರಲ್ಲಿ ಹಾಲಿ, ಇನ್ನೊಂದರಲ್ಲಿ ಕಲದಾರ. ನಾನು ಹುಟ್ಟುವ ಹೊತ್ತಿಗೆ ಎರಡರಲ್ಲೂ ಒಂದೇ ರೂಪಾಯಿ ಇತ್ತು. ಆದರೂ ಕಂಪ್ಲಿಗೆ ಹೊರಟರೆ ಆ ಅರೆಯಿಂದಲೇ ತೆಗೆಯುತ್ತಿದ್ದಳು.

ನಿಮ್ಮ ನಾಣ್ಯ ಬೆಳ್ಳಿಯದಾದರೆ ತೂಕದ ಬೆಲೆ ಇದೆ, ಸಂಗ್ರಹ ಮಾಡುವವರು ಸ್ವಲ್ಪ ಜಾಸ್ತಿ ಕೊಡಬಹುದು. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹೊಳಪು ಬಂದರೆ ಬೆಲೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಎರಡು ಉಳಿದಿವೆ, ನಾನಂತೂ ತೂಕಕ್ಕೆ ಹಾಕಿಲ್ಲ.